ಲ್ಯಾಪ್‌ಟಾಪ್ ಪವರ್ ಬಟನ್ ಕೈಕೊಟ್ಟರೆ: ಬೋರ್ಡ್ ಬದಲಿಸುವ ಮುಂಚೆ ಬಟನ್ ನೋಡಿ

ಚಿಕ್ಕಮಗಳೂರಿನ ಕಡೆ ಆರಿದ್ರಾ ಮಳೆ ಹಿಡಿದರೆ ಪುಷ್ಯ, ಆಶ್ಲೇಷ ಮುಗಿಯುವ ತನಕ ಮನೆಯೊಳಗೆ ಒಣಗಿದ ವಸ್ತು ಅಂತ ಒಂದು ಸಿಗುವುದು ಕಷ್ಟ. ಬೀರುವಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಲ್ಯಾಪ್‌ಟಾಪ್ ಮಾತ್ರ ತಪ್ಪಿಸಿಕೊಳ್ಳುತ್ತಾ? ಮಳೆಗಾಲದಲ್ಲಿ ನನ್ನ ಟೇಬಲ್ಲಿಗೆ ಬರುವ ಲ್ಯಾಪ್‌ಟಾಪ್‌ಗಳ ದೂರು ಜಾಸ್ತಿ ಒಂದೇ: "ಅಣ್ಣಾ, ಬಟನ್ ಒತ್ತಿದ್ರೂ ಆನ್ ಆಗ್ತಿಲ್ಲ. ಮದರ್‌ಬೋರ್ಡ್ ಹೋಗಿರಬೇಕು ಅಂದ್ರು."

ಹೋಗಿರಬಹುದು. ಆದರೆ ಬೋರ್ಡಿಗೆ ಸಾವಿರಗಟ್ಟಲೆ ಸುರಿಯುವ ಮುಂಚೆ, ಹತ್ತು ರೂಪಾಯಿಯೂ ಬಾಳದ ಒಂದು ಸ್ವಿಚ್ಚು ಮತ್ತು ಅದರಿಂದ ಬೋರ್ಡಿಗೆ ಹೋಗುವ ಚಪ್ಪಟೆ ಕೇಬಲ್ಲು, ಇವೆರಡನ್ನೂ ನೋಡಿಬಿಡಬೇಕು. ಸ್ಕ್ರೂ ಬಿಚ್ಚಲು ತಾಳ್ಮೆ ಇದ್ದು, ಮಲ್ಟಿಮೀಟರ್ ಹಿಡಿಯಲು ಬಂದರೆ ಇದನ್ನು ಮನೆಯಲ್ಲೇ ಮಾಡಬಹುದು. ವಾರಂಟಿ ಇನ್ನೂ ಇದ್ದರೆ ಮಾತ್ರ ಮುಟ್ಟಬೇಡಿ, ಸರ್ವಿಸ್ ಸೆಂಟರಿಗೇ ಕೊಡಿ.

ಬಟನ್ ಏನು ಮಾಡುತ್ತದೆ?

ಇದು ಮನೆ ಬಾಗಿಲಿನ ಕಾಲಿಂಗ್ ಬೆಲ್ ಬಟನ್ ಇದ್ದ ಹಾಗೆ. ಒತ್ತಿದಾಗ ಮಾತ್ರ ಸೇರುತ್ತದೆ, ಬಿಟ್ಟರೆ ಬೇರೆಯಾಗುತ್ತದೆ. ಲ್ಯಾಪ್‌ಟಾಪ್ ನಡೆಯಲು ಬೇಕಾದ ಕರೆಂಟು ಈ ಬಟನ್ ಮೂಲಕ ಹಾಯುವುದೇ ಇಲ್ಲ. ಮದರ್‌ಬೋರ್ಡಿನಲ್ಲಿ ಎಂಬೆಡೆಡ್ ಕಂಟ್ರೋಲರ್ ಅನ್ನುವ ಚಿಪ್ ಒಂದಿದೆ. ಚಾರ್ಜರ್ ಹಾಕಿಟ್ಟರೆ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಬಟನ್ನಿನ ಒಂದು ಕಾಲಿಗೆ ಸಾಮಾನ್ಯವಾಗಿ 3.3 ವೋಲ್ಟ್ ಬಂದು ನಿಂತಿರುತ್ತದೆ, ಇನ್ನೊಂದು ಕಾಲು ಗ್ರೌಂಡ್, ಅಂದರೆ ಬೋರ್ಡಿನ ಸೊನ್ನೆ ವೋಲ್ಟಿನ ಭಾಗ. ಒತ್ತಿದ ತಕ್ಷಣ ಆ 3.3 ಸೊನ್ನೆಗೆ ಇಳಿಯುತ್ತದೆ. ಅದನ್ನು ನೋಡಿ ಚಿಪ್ಪು ಉಳಿದ ಭಾಗಗಳಿಗೆ ಒಂದೊಂದಾಗಿ ಕರೆಂಟು ಬಿಡುತ್ತದೆ.

ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಸಲೀಸು. ಬಟನ್ನಿನ ಎರಡು ಕಾಲುಗಳನ್ನು ನೀವೇ ಒಂದು ಕ್ಷಣ ಸೇರಿಸಿದರೂ ಬಟನ್ ಒತ್ತಿದಷ್ಟೇ ಅರ್ಥ. ಅದರಿಂದ ಏನೂ ಸುಡುವುದಿಲ್ಲ.

ಬಿಚ್ಚುವ ಮುಂಚೆ

ಚಾರ್ಜರ್ ಹಾಕಿ, ಚಾರ್ಜಿಂಗ್ ಲೈಟ್ ಬರುತ್ತಾ ನೋಡಿ. ಲೈಟೇ ಬರದಿದ್ದರೆ ಬಟನ್ ಮೇಲೆ ಅನುಮಾನ ಪಡಬೇಡಿ. ಚಾರ್ಜರ್, ಚಾರ್ಜಿಂಗ್ ಪಿನ್, ಪ್ಲಗ್ ಪಾಯಿಂಟ್ ನೋಡಿ. ಹಳೆಯ ದುಂಡು ಪಿನ್ನಿನ ಚಾರ್ಜರ್ ಆದರೆ ಮಲ್ಟಿಮೀಟರಿನಲ್ಲಿ 19 ವೋಲ್ಟಿನ ಆಸುಪಾಸು ತೋರಿಸಬೇಕು. ಎಷ್ಟಿರಬೇಕು ಅನ್ನುವುದು ಚಾರ್ಜರಿನ ಮೈಮೇಲೆಯೇ ಬರೆದಿರುತ್ತದೆ. ಟೈಪ್-ಸಿ ಚಾರ್ಜರನ್ನು ಹೀಗೆ ಅಳೆಯಲು ಬರುವುದಿಲ್ಲ, ಅದು ಲ್ಯಾಪ್‌ಟಾಪ್ ಜತೆ ಮಾತುಕತೆ ಆದಮೇಲಷ್ಟೇ ಹೆಚ್ಚಿನ ವೋಲ್ಟೇಜ್ ಕೊಡುತ್ತದೆ.

ಲೈಟ್ ಬರುತ್ತಿದೆ, ಒತ್ತಿದರೆ ಮಾತ್ರ ಏನೂ ಇಲ್ಲ ಅಂದರೆ ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನಿಂದ ಬಿಚ್ಚುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮತ್ತೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ ನೋಡಿ. ಗುಡುಗು ಸಿಡಿಲಿನ ರಾತ್ರಿ ಕಳೆದ ಮೇಲೆ ಸತ್ತಂತೆ ಬಿದ್ದ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂರುವುದುಂಟು. ಕೆಲವು ಲೆನೊವೊ ಮಾಡೆಲ್‌ಗಳ ಅಡಿಯಲ್ಲಿ ಪೇಪರ್ ಕ್ಲಿಪ್ ತೂರುವಷ್ಟು ಸಣ್ಣ ರಿಸೆಟ್ ತೂತು ಇರುತ್ತದೆ, ಅದನ್ನೂ ಒತ್ತಿ ನೋಡಿ.

ಈಗ ಕಿವಿಗೆ ಕೆಲಸ. ಒತ್ತಿದಾಗ 'ಟಿಕ್' ಅನ್ನಬೇಕು. ಟಿಕ್ ಇಲ್ಲದೆ ಬಟನ್ ಸುಮ್ನೆ ಒಳಗೆ ಹೋಗಿ ಬಂದರೆ ಮೇಲಿನ ಪ್ಲಾಸ್ಟಿಕ್ ಮುರಿದಿದೆ, ಒಳಗಿನ ಸ್ವಿಚ್ಚಿಗೆ ಅದು ತಾಗುತ್ತಲೇ ಇಲ್ಲ. ಟಿಕ್ ಕೇಳುತ್ತದೆ, ಬಲವಾಗಿ ಒತ್ತಿದರೆ ಅಥವಾ ಒಂದು ಮೂಲೆಗೆ ಒತ್ತಿದರೆ ಮಾತ್ರ ಆನ್ ಆಗುತ್ತದೆ ಅಂದರೆ ಸ್ವಿಚ್ ಸವೆದಿದೆ. ಆನ್ ಆಗಿ ಪ್ರತಿ ಸಲವೂ ನಾಲ್ಕರಿಂದ ಹತ್ತು ಸೆಕೆಂಡಿನೊಳಗೆ, ಲೆಕ್ಕ ಹಾಕಿದಂತೆ ಅದೇ ಹೊತ್ತಿಗೆ ಆಫ್ ಆಗುತ್ತಿದ್ದರೆ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು. ಬಲವಂತವಾಗಿ ಆಫ್ ಮಾಡಲು ನಾವು ಒತ್ತಿ ಹಿಡಿಯುತ್ತೇವಲ್ವಾ, ಅದೇ ಆಗುತ್ತಿದೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು ಅಂದರೆ ಬಟನ್ ಪಾಪ, ತನ್ನ ಕೆಲಸ ಮಾಡಿದೆ. ರ‍್ಯಾಮ್, ಡಿಸ್‌ಪ್ಲೇ ಕಡೆ ಹೋಗಿ.

ಬಟನ್ ಇನ್ನೂ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುತ್ತಿದ್ದರೆ, ಸಾಮಾನು ಸಿಗುವ ತನಕ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಲೇಬೇಡಿ. ರೀಸ್ಟಾರ್ಟ್‌ಗೆ ಬಟನ್ ಬೇಡ. ಸ್ಲೀಪ್‌ನಿಂದ ಏಳಿಸಲು ಬಹಳಷ್ಟು ಮಾಡೆಲ್‌ಗಳಲ್ಲಿ ಕೀಬೋರ್ಡ್ ಸಾಕು. ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್) ಒಳಗೆ ಹೋಗಿ ನೋಡಿ: ಚಾರ್ಜರ್ ಹಾಕಿದ ಕೂಡಲೇ ಆನ್ ಆಗುವ ಅಥವಾ ಮುಚ್ಚಳ ತೆರೆದರೆ ಆನ್ ಆಗುವ ಆಯ್ಕೆ ಕೆಲವು ಡೆಲ್, ಲೆನೊವೊಗಳಲ್ಲಿ ಇದೆ. ಅದೊಂದು ಸಿಕ್ಕರೆ ರಿಪೇರಿಗೆ ಅವಸರವೇ ಇಲ್ಲ. ನನ್ನ ಕೇಳಿದರೆ, ಹಳೇ ಲ್ಯಾಪ್‌ಟಾಪ್ ಆದರೆ ಅಷ್ಟಕ್ಕೇ ನಿಲ್ಲಿಸಿದರೂ ತಪ್ಪಿಲ್ಲ.

ಏನೇನು ಬೇಕು

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ತೆಳು ಪ್ಲಾಸ್ಟಿಕ್ ಓಪನರ್, ಟ್ವೀಜರ್ ಅಥವಾ ಚೂಪು ಚಿಮಟ, ಬೀಪ್ ಮಾಡುವ ಮಲ್ಟಿಮೀಟರ್, ಐಸೊಪ್ರೊಪೈಲ್ ಆಲ್ಕೋಹಾಲ್. ಬೆಸುಗೆ ಹಾಕುವುದಾದರೆ ಸಣ್ಣ ತುದಿಯ ಸೋಲ್ಡರಿಂಗ್ ಐರನ್, ಸೋಲ್ಡರಿಂಗ್ ಲೆಡ್ (ಬೆಸುಗೆ ತಂತಿ), ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟು). ಹಳದಿ ಬಣ್ಣದ ಹೀಟ್ ಟೇಪ್ ಇದ್ದರೆ ಒಳ್ಳೆಯದು. ಇವೆಲ್ಲ ಊರಿನ ಮೊಬೈಲ್ ಬಿಡಿಭಾಗದ ಅಂಗಡಿಗಳಲ್ಲೇ ಸಿಗುತ್ತವೆ.

ಆಲ್ಕೋಹಾಲ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲಿ ನೀರು, ಗ್ಲಿಸರಿನ್ ಎರಡೂ ಇರುತ್ತವೆ. ಥಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಬಟನ್ ಬಿಗಿಯಾಗಿದೆ ಅಂತ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ತರುವವರೂ ಇದ್ದಾರೆ. ದಯವಿಟ್ಟು ಬೇಡ.

ಸ್ವಿಚ್ ಬೇಕಾದರೆ ಟಿವಿ ರಿಪೇರಿ ಅಂಗಡಿಯಲ್ಲಿ 'ಟ್ಯಾಕ್ಟ್ ಸ್ವಿಚ್' ಕೇಳಿ. ಟಿವಿ, ಸೆಟ್‌ಟಾಪ್ ಬಾಕ್ಸಿನ ಮುಂದಿರುವ ಬಟನ್ನಿನೊಳಗೆ ಇರುವುದೂ ಇದೇ ಜಾತಿ. ಆದರೆ ಅಲ್ಲಿ 6×6 ಮಿಲಿಮೀಟರಿನ ದಪ್ಪ ಸ್ವಿಚ್ ಜಾಸ್ತಿ. ಲ್ಯಾಪ್‌ಟಾಪಿನಲ್ಲಿ ಅದಕ್ಕಿಂತ ಚಿಕ್ಕದಾದ, ತೆಳ್ಳಗಿನ, ಬೋರ್ಡಿನ ಮೈಮೇಲೇ ಕೂರುವ ನಮೂನೆ ಇರುತ್ತದೆ. ಹಾಗಾಗಿ ಮೊದಲು ಬಿಚ್ಚಿ, ಉದ್ದ, ಅಗಲ, ಎತ್ತರ ಅಳೆದುಕೊಂಡು ಆಮೇಲೆ ಅಂಗಡಿಗೆ ಹೋಗಿ. ಎತ್ತರ ಅರ್ಧ ಮಿಲಿಮೀಟರ್ ಹೆಚ್ಚಾದರೂ ಮುಚ್ಚಳ ಹಾಕಿದಾಗ ಬಟನ್ ಒತ್ತಿಕೊಂಡೇ ಕೂರುತ್ತದೆ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಸ್ವಿಚ್ ಕೂರಿಸಿದ ಸಣ್ಣ ಬಟನ್ ಬೋರ್ಡ್ ಪೂರ್ತಿಯಾಗಿ ಬೇಕಿದ್ದರೆ ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು. ಹಳೇ ಬೋರ್ಡಿನ ಮೇಲಿರುವ ಪಾರ್ಟ್ ನಂಬರ್ ಫೋಟೋ ತೆಗೆದು ತೋರಿಸಿ.

ಬಿಚ್ಚುವುದು

ನಿಮ್ಮ ಮಾಡೆಲ್ ಹೆಸರಿನ ಜತೆ 'ಸರ್ವಿಸ್ ಮ್ಯಾನುವಲ್' ಅಂತ ಹುಡುಕಿ. ಎಚ್‌ಪಿ, ಡೆಲ್, ಲೆನೊವೊ ಕಂಪನಿಗಳು ಬಹಳಷ್ಟು ಮಾಡೆಲ್‌ಗಳ ಮ್ಯಾನುವಲ್ ಪುಕ್ಕಟೆಯಾಗಿ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿ, ಬಟನ್ ಬೋರ್ಡ್ ಎಲ್ಲಿ ಅಂತ ಚಿತ್ರ ಸಮೇತ ಇರುತ್ತದೆ. ಈ ಹಂತದಲ್ಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ: ನಿಮ್ಮ ಪವರ್ ಬಟನ್ ಬೇರೆ ಬೋರ್ಡಿನಲ್ಲಿದೆಯೋ, ಕೀಬೋರ್ಡಿನದೇ ಒಂದು ಕೀ ಆಗಿದೆಯೋ. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಡಿಲೀಟ್ ಕೀ ಪಕ್ಕದಲ್ಲಿ ಕೂತಿರುವುದು ಜಾಸ್ತಿ. ಹಾಗಿದ್ದರೆ ಕೀಬೋರ್ಡನ್ನೇ ಬದಲಿಸಬೇಕು. ಅದೂ ಪ್ಲಾಸ್ಟಿಕ್ ರಿವೆಟ್ ಹೊಡೆದು ಕೂರಿಸಿದ್ದರೆ ಮನೆಯಲ್ಲಿ ಮಾಡುವ ಕೆಲಸವಲ್ಲ. ಬೆರಳಚ್ಚು ಓದುವ ಬಟನ್ ಆದರೂ ಅಷ್ಟೇ, ಅಂಗಡಿಗೆ ಕೊಡಿ.

ಚಾರ್ಜರ್ ತೆಗೆದು, ಅಡಿಯ ಸ್ಕ್ರೂಗಳನ್ನು ಬಿಚ್ಚಿ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವ ಜಾಗದ ಸ್ಕ್ರೂ ಆ ಜಾಗಕ್ಕೇ ಟೇಪ್ ಹಾಕಿ ಅಂಟಿಸಿ. ಇದು ಚಂದಕ್ಕಲ್ಲ. ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋದರೆ ಬೋರ್ಡನ್ನೋ ಕೀಬೋರ್ಡನ್ನೋ ತೂರಿಕೊಂಡು ಬರುತ್ತದೆ. ಎಲ್ಲಾ ಬಿಚ್ಚಿದರೂ ಮುಚ್ಚಳ ಬರದಿದ್ದರೆ ಎಳೆಯಬೇಡಿ. ರಬ್ಬರ್ ಪಾದದ ಕೆಳಗೆ ಸ್ಕ್ರೂ ಅಡಗಿರುತ್ತದೆ.

ಒಳಗೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ವೈರ್ ಹಿಡಿದು ಎಳೆಯದೆ, ಕನೆಕ್ಟರಿನ ಪ್ಲಾಸ್ಟಿಕ್ಕನ್ನೇ ಹಿಡಿದು ಬಿಡಿಸಿ. ಬ್ಯಾಟರಿ ಉಬ್ಬಿದ್ದರೆ ಬಟನ್ ಕತೆ ಅಲ್ಲಿಗೇ ಬಿಡಿ, ಒತ್ತಬೇಡಿ, ಚುಚ್ಚಬೇಡಿ, ಮೊದಲು ಬ್ಯಾಟರಿ ಬದಲಿಸಿ.

ಕೆಟ್ಟಿದ್ದು ಯಾವುದು?

ಬಟನ್ ಬೋರ್ಡ್ ಅಂದರೆ ಬೆರಳಗಲದ ಒಂದು ಪಟ್ಟಿ. ಮೇಲೆ ಸ್ವಿಚ್ಚು, ಒಂದು ಎಲ್‌ಇಡಿ, ಕೆಲವೊಮ್ಮೆ ಮುಚ್ಚಳ ಹಾಕಿದ್ದನ್ನು ಗುರುತಿಸುವ ಸೆನ್ಸರ್. ಅಲ್ಲಿಂದ ಚಪ್ಪಟೆ ರಿಬ್ಬನ್ ಕೇಬಲ್ ಮದರ್‌ಬೋರ್ಡಿಗೆ ಹೋಗುತ್ತದೆ. ಆ ಕೇಬಲ್ ಹಿಡಿದಿರುವ ಕನೆಕ್ಟರಿಗೆ ಕಪ್ಪು ಅಥವಾ ಕಂದು ಬಣ್ಣದ ತೆಳು ರೆಕ್ಕೆ ಇರುತ್ತದೆ. ಅದನ್ನು ಉಗುರಿನಿಂದ ಮೆಲ್ಲಗೆ ಮೇಲೆತ್ತಿದರೆ ಕೇಬಲ್ ತಾನಾಗೇ ಜಾರುತ್ತದೆ. ಕೆಲವದರಲ್ಲಿ ರೆಕ್ಕೆ ಮೇಲೇಳುವುದಿಲ್ಲ, ಎರಡೂ ತುದಿ ಹಿಡಿದು ಅರ್ಧ ಮಿಲಿಮೀಟರ್ ಮುಂದಕ್ಕೆ ಎಳೆಯಬೇಕು. ಯಾವುದು ಅಂತ ಟಾರ್ಚ್ ಹಾಕಿ ನೋಡಿಕೊಳ್ಳಿ.

ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ಆಲ್ದೂರು ಕಡೆಯ ಹುಡುಗಿಯೊಬ್ಬಳು ಕಾಲೇಜಿನ ಪ್ರಾಜೆಕ್ಟ್ ಹೊತ್ತಿಗೆ ತಂದ ಲ್ಯಾಪ್‌ಟಾಪಿನಲ್ಲಿ ಈ ತುದಿಯ ಆರು ಪಟ್ಟಿಗಳಲ್ಲಿ ನಾಲ್ಕು ಬೆಳ್ಳಗೆ ಹೊಳೆಯುತ್ತಿದ್ದವು. ಅಂಚಿನ ಎರಡು ಪಟ್ಟಿಗಳ ಮೇಲೆ ಹಸಿರು ಪುಡಿ ಕೂತಿತ್ತು, ಟ್ವೀಜರ್ ತಾಗಿಸಿದರೆ ಉದುರುವಷ್ಟು. ಅವಳು ನೋಡಿ, "ಅಣ್ಣಾ, ಇದೂ ಬೂಸ್ಟಾ?" ಅಂದಳು. ಬೂಸ್ಟಲ್ಲ, ತಾಮ್ರಕ್ಕೆ ಹಿಡಿದ ಕಿಲುಬು. ತೇವ ಒಳಗೆ ಸೇರಿ, ಅದರ ಮೇಲೆ ಆ 3.3 ವೋಲ್ಟೂ ಸದಾ ಇದ್ದರೆ ಕಿಲುಬು ಬೇಗ ಬೆಳೆಯುತ್ತದೆ. ಆ ಲ್ಯಾಪ್‌ಟಾಪಿಗೆ ಬೇರೆ ಯಾವ ರೋಗವೂ ಇರಲಿಲ್ಲ.

ಇಂಥದ್ದು ಕಂಡರೆ ಪೆನ್ಸಿಲ್ ರಬ್ಬರಿನಿಂದ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕನೆಕ್ಟರಿನ ಒಳಗೂ ಮೆತ್ತನೆ ಬ್ರಷ್ಷಿನಿಂದ ಆಲ್ಕೋಹಾಲ್ ಹಚ್ಚಿ ಒಣಗಲು ಬಿಡಿ. ಕೇಬಲ್ ನೆಟ್ಟಗೆ, ಪೂರ್ತಿ ಒಳಗೆ ತಳ್ಳಿ ರೆಕ್ಕೆ ಮುಚ್ಚಿ. ಓರೆಯಾಗಿ ಕೂತರೆ ಪಕ್ಕದ ಪಿನ್ನಿಗೆ ತಾಗುತ್ತದೆ. ರೆಕ್ಕೆ ಮುರಿದುಹೋಗಿದ್ದರೆ ಕೇಬಲ್ಲಿನ ಬೆನ್ನಿಗೆ ಒಂದು ಚೂರು ಹೀಟ್ ಟೇಪ್ ಹಚ್ಚಿ ದಪ್ಪ ಮಾಡಿದರೆ ಬಿಗಿಯಾಗಿ ನಿಲ್ಲುತ್ತದೆ.

ಈಗ ಮಲ್ಟಿಮೀಟರ್. ಬೀಪ್ ಮೋಡಿಗೆ ಇಟ್ಟು, ಬೋರ್ಡ್ ಹೊರಗಿರುವಾಗ ಸ್ವಿಚ್ಚಿನ ಕಾಲುಗಳನ್ನು ಮುಟ್ಟಿ. ನಾಲ್ಕು ಕಾಲಿನ ಸ್ವಿಚ್ ಆದರೆ ಅದರಲ್ಲಿ ಎರಡೆರಡು ಕಾಲು ಒಳಗೇ ಸೇರಿರುತ್ತವೆ. ಗೊಂದಲ ಬೇಡವೆಂದರೆ ಮೂಲೆಯಿಂದ ಮೂಲೆಗೆ ಹಿಡಿಯಿರಿ. ಒತ್ತದಿದ್ದಾಗ ಸದ್ದಿರಬಾರದು, ಒತ್ತಿದಾಗ ಬೀಪ್ ಬರಬೇಕು, ಬಿಟ್ಟರೆ ನಿಲ್ಲಬೇಕು. ಅಷ್ಟಕ್ಕೇ ನಂಬಬೇಡಿ, ಓಮ್‌ಗೆ ತಿರುಗಿಸಿ ಹತ್ತಾರು ಸಲ ಒತ್ತಿ. ಒಳ್ಳೆಯ ಸ್ವಿಚ್ ಪ್ರತಿ ಸಲವೂ ಒಂದೆರಡು ಓಮಿನೊಳಗೆ ನಿಲ್ಲುತ್ತದೆ. ಒಮ್ಮೆ 2, ಒಮ್ಮೆ 300, ಒಮ್ಮೆ ಏನೂ ಇಲ್ಲ ಅಂತ ಕುಣಿದರೆ ಸ್ವಿಚ್ ಮುಗಿದಿದೆ.

ಕೇಬಲ್ ಪರೀಕ್ಷೆಯೂ ಹೀಗೇ. ಎರಡೂ ಕಡೆ ಬಿಡಿಸಿ, ಈ ತುದಿಯ ಮೊದಲ ಪಟ್ಟಿಯಿಂದ ಆ ತುದಿಯ ಮೊದಲ ಪಟ್ಟಿಗೆ, ಹೀಗೆ ಒಂದೊಂದಾಗಿ. ಬೀಪ್ ಬರುತ್ತಿರುವಾಗ ಕೇಬಲ್ಲನ್ನು ಸ್ವಲ್ಪ ಬಾಗಿಸಿ. ಸದ್ದು ಕಡಿದರೆ ಒಳಗಿನ ತಾಮ್ರ ಸೀಳಿದೆ. ಇದು ಸಾಮಾನ್ಯವಾಗಿ ಮಡಿಕೆ ಬಿದ್ದ ಜಾಗದಲ್ಲೇ ಆಗುತ್ತದೆ.

ಎರಡೂ ಚೆನ್ನಾಗಿವೆ ಅಂದರೆ ಎಲ್ಲವನ್ನೂ ಸೇರಿಸಿ, ಚಾರ್ಜರ್ ಹಾಕಿ, ಸ್ವಿಚ್ಚಿನ ಕಾಲಿನ ವೋಲ್ಟೇಜ್ ನೋಡಿ. ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ. 3.3ರ ಆಸುಪಾಸು ಇದ್ದು, ಒತ್ತಿದಾಗ ಸೊನ್ನೆಗೆ ಇಳಿದೂ ಲ್ಯಾಪ್‌ಟಾಪ್ ಏಳದಿದ್ದರೆ, ಅಥವಾ ವೋಲ್ಟೇಜೇ ಬಾರದಿದ್ದರೆ, ಅದು ನಿಜಕ್ಕೂ ಮದರ್‌ಬೋರ್ಡ್ ಕೆಲಸ. ಆಗ ಅಂಗಡಿಯವರ ಮಾತು ಒಪ್ಪಿಕೊಳ್ಳಿ.

ಒಂದು ಎಚ್ಚರಿಕೆ. ಕೆಲವರು ಮದರ್‌ಬೋರ್ಡಿನ ಕನೆಕ್ಟರಿಗೇ ಟ್ವೀಜರ್ ಇಟ್ಟು ಪಿನ್‌ಗಳನ್ನು ಶಾರ್ಟ್ ಮಾಡಿ ನೋಡುತ್ತಾರೆ. ಅದೇ ಸಾಲಿನಲ್ಲಿ ಎಲ್‌ಇಡಿಗೆ ಹೋಗುವ ಕರೆಂಟಿನ ಪಿನ್ನೂ ಇರುತ್ತದೆ. ಅದು ಗ್ರೌಂಡಿಗೆ ತಾಗಿದರೆ ಹತ್ತು ರೂಪಾಯಿ ರಿಪೇರಿ ಬೋರ್ಡ್ ರಿಪೇರಿ ಆಗುತ್ತದೆ. ಶಾರ್ಟ್ ಮಾಡುವುದಿದ್ದರೆ ಸ್ವಿಚ್ಚಿನ ಕಾಲುಗಳಲ್ಲೇ ಮಾಡಿ. ಕನೆಕ್ಟರಿನಲ್ಲೇ ನೋಡಬೇಕಾಗಿ ಬಂದರೆ ಮೊದಲು ಸ್ವಿಚ್ಚಿನ ಕಾಲು ಯಾವ ಪಿನ್ನಿಗೆ ಹೋಗಿದೆ ಅಂತ ಬೀಪ್ ಹಾಕಿ ಪತ್ತೆ ಮಾಡಿ. ಟ್ವೀಜರ್ ಬದಲು 1 ಕಿಲೋ ಓಮಿನ ರೆಸಿಸ್ಟರ್ ತಾಗಿಸಿ, ಕಂದು, ಕಪ್ಪು, ಕೆಂಪು ಪಟ್ಟಿ ಇರುತ್ತದಲ್ಲ, ಅದು. ಬಟನ್ ಒತ್ತಿದಂತೆ ಕೆಲಸವೂ ಆಗುತ್ತದೆ, ತಪ್ಪು ಪಿನ್ನಿಗೆ ತಾಗಿದರೆ ಹಾಯುವ ಕರೆಂಟೂ ಕಮ್ಮಿ.

ಸ್ವಿಚ್ ಬದಲಿಸುವುದು

ಹಳೇ ಸ್ವಿಚ್ಚನ್ನು ಇಡಿಯಾಗಿ ಕೀಳಲು ಹೋದರೆ ಬೋರ್ಡಿನ ತಾಮ್ರದ ಪ್ಯಾಡೂ ಜತೆಗೆ ಎದ್ದು ಬರುತ್ತದೆ. ಬಿಸಿಗಾಳಿ ಊದಿ ಬೆಸುಗೆ ಬಿಡಿಸುವ ಹಾಟ್ ಏರ್ ಮೆಷಿನ್ ಇಲ್ಲದವರಿಗೆ ನಾನು ಹೇಳುವ ದಾರಿ ಬೇರೆ. ಸಣ್ಣ ಕಟರ್‌ನಿಂದ ಸ್ವಿಚ್ಚಿನ ಕಾಲುಗಳನ್ನು ಕತ್ತರಿಸಿ, ಮೈಯನ್ನು ಮೊದಲು ತೆಗೆದುಬಿಡಿ. ಹೇಗೂ ಎಸೆಯುವುದೇ ಅಲ್ವಾ. ಉಳಿದ ಕಾಲಿನ ಚೂರುಗಳ ಮೇಲೆ ಸ್ವಲ್ಪ ಫ್ಲಕ್ಸ್, ಸ್ವಲ್ಪ ಹೊಸ ಲೆಡ್ ಹಾಕಿ ಬಿಸಿ ಮಾಡಿದರೆ ಒಂದೊಂದೇ ಜಾರಿ ಬರುತ್ತದೆ. ಹೊಸ ಲೆಡ್ ಯಾಕೆ ಅಂದರೆ, ಕಾರ್ಖಾನೆಯ ಬೆಸುಗೆ ಸಾಮಾನ್ಯವಾಗಿ ಸೀಸ ಇಲ್ಲದ್ದು, ಕರಗಲು ಸುಮಾರು 217 ಡಿಗ್ರಿ ಬೇಕು. ನಾವು ತರುವ 63/37 ಲೆಡ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೇ ಕರಗುತ್ತದೆ. ಎರಡೂ ಬೆರೆತರೆ ಕಡಿಮೆ ಬಿಸಿಯಲ್ಲೇ ಕೆಲಸ ಮುಗಿಯುತ್ತದೆ, ಪ್ಯಾಡ್ ಉಳಿಯುತ್ತದೆ.

ಪ್ಯಾಡ್‌ಗಳನ್ನು ಆಲ್ಕೋಹಾಲಿನಿಂದ ಒರೆಸಿ. ಹೊಸ ಸ್ವಿಚ್ಚನ್ನು ಟ್ವೀಜರಿನಲ್ಲಿ ಹಿಡಿದು ಒಂದು ಕಾಲಿಗೆ ಮಾತ್ರ ಬೆಸುಗೆ ಹಾಕಿ. ನೇರವಾಗಿ, ಬೋರ್ಡಿಗೆ ಅಂಟಿ ಕೂತಿದೆಯಾ ನೋಡಿ. ಕೂತಿಲ್ಲವೆಂದರೆ ಆ ಒಂದು ಕಾಲು ಬಿಸಿ ಮಾಡಿ ಸರಿಪಡಿಸಿ, ಆಮೇಲೆ ಉಳಿದದ್ದು. ಐರನ್ 320ರಿಂದ 350 ಡಿಗ್ರಿ, ಒಂದು ಕಾಲಿಗೆ ಎರಡು ಮೂರು ಸೆಕೆಂಡ್. ಅದಕ್ಕಿಂತ ಜಾಸ್ತಿ ಹಿಡಿದರೆ ಸ್ವಿಚ್ಚಿನೊಳಗಿನ ಪ್ಲಾಸ್ಟಿಕ್ ಕರಗುತ್ತದೆ. ಫ್ಲಕ್ಸ್ ಸ್ವಿಚ್ಚಿನೊಳಗೆ ಹರಿಯದಂತೆ ಕಮ್ಮಿ ಬಳಸಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಲೆಡ್ಡಿನಲ್ಲಿ ಸೀಸ ಇದೆ.

ಬರೀ ಮೇಲಿನ ಪ್ಲಾಸ್ಟಿಕ್ ಮುರಿದಿದ್ದರೆ ಇದ್ಯಾವುದೂ ಬೇಡ. ಮುರಿದ ಕಾಲಿಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಾಕಿ ಒಂದು ರಾತ್ರಿ ಬಿಡಿ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ನೀರಿನಂತೆ ಹರಿದು ಸ್ವಿಚ್ಚನ್ನೇ ಅಂಟಿಸಿಬಿಡುತ್ತದೆ.

ಕೇಬಲ್ ಬದಲಿಸುವುದು

ಸೀಳಿದ ರಿಬ್ಬನ್ನಿಗೆ ಬೆಸುಗೆ ಹಾಕಲು ಹೋಗಬೇಡಿ, ಹೊಸದು ತರಿಸಿ. ಹೇಳಬೇಕಾದ್ದು ನಾಲ್ಕು: ಎಷ್ಟು ಪಟ್ಟಿ, ಪಟ್ಟಿಯಿಂದ ಪಟ್ಟಿಗೆ ಎಷ್ಟು ಅಂತರ, ಎಷ್ಟು ಉದ್ದ, ಎರಡು ತುದಿಯ ಪಟ್ಟಿಗಳು ಒಂದೇ ಮುಖದಲ್ಲಿವೆಯೋ ಎದುರು ಮುಖದಲ್ಲಿವೆಯೋ. ಅಂತರ ಹೆಚ್ಚಾಗಿ 0.5 ಅಥವಾ 1 ಮಿಲಿಮೀಟರ್. ಕಣ್ಣಳತೆ ಬೇಡ, ಕೇಬಲ್ಲಿನ ಅಗಲ ಅಳೆಯಿರಿ. ಆರು ಪಟ್ಟಿಯ ಕೇಬಲ್ 3.5 ಮಿಲಿಮೀಟರ್ ಅಗಲ ಇದ್ದರೆ ಅಂತರ 0.5. ಅದೇ ಆರು ಪಟ್ಟಿಗೆ 7 ಇದ್ದರೆ 1. ಪಟ್ಟಿಗಳ ಸಂಖ್ಯೆಗೆ ಒಂದು ಕೂಡಿ ಅಂತರದಿಂದ ಗುಣಿಸಿದರೆ ಅಗಲ ಬರುತ್ತದೆ. ಮುಖ ತಪ್ಪಾದ ಕೇಬಲ್ ಹಾಕಿದರೆ ಪಟ್ಟಿಗಳು ಪಿನ್ನಿಗೆ ತಾಗುವುದೇ ಇಲ್ಲ. ಅದನ್ನು ತಿರುಚಿ ಹೇಗೋ ತೂರಿಸಿದರೆ ಪಿನ್‌ಗಳು ಹಿಂದುಮುಂದಾಗುತ್ತವೆ.

ಕೇಬಲ್ಲೇ ಸಿಗದಿದ್ದರೆ

ಹಳೇ ಮಾಡೆಲ್‌ಗಳ ಕತೆ ಹೀಗೇ. ಆಗ ಎರಡು ತೆಳು ವೈರ್ ಎಳೆದು ಬೇರೆ ಬಟನ್ ಕೂರಿಸಬಹುದು. 30 ಗೇಜಿನ ವೈರ್ ಸಾಕು. ಒಂದು ವೈರ್ ಮದರ್‌ಬೋರ್ಡಿನಲ್ಲಿ ಬಟನ್ ಸಿಗ್ನಲ್ ಬರುವ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಗ್ರೌಂಡಿಗೆ ಸ್ಕ್ರೂ ಸುತ್ತಲಿನ ತಾಮ್ರದ ಉಂಗುರ ಸಾಮಾನ್ಯವಾಗಿ ನಡೆಯುತ್ತದೆ, ಬೀಪ್ ಹಾಕಿ ಖಚಿತ ಮಾಡಿಕೊಳ್ಳಿ. ಕನೆಕ್ಟರಿನ ಪಿನ್ನಿಗೆ ಬೆಸುಗೆ ಹಾಕುವಾಗ ಪಕ್ಕದ ಪಿನ್ನಿಗೆ ಸೇತುವೆ ಕಟ್ಟಿಲ್ಲ ಅನ್ನುವುದನ್ನೂ ಮೀಟರಿನಲ್ಲೇ ನೋಡಿ. ವೈರನ್ನು ಫ್ಯಾನ್, ಹೀಟ್ ಪೈಪ್, ಬ್ಯಾಟರಿ ಮೇಲೆ ಹಾಯಿಸದೆ ಅಂಚಿನಲ್ಲಿ ಒಯ್ದು ಹೀಟ್ ಟೇಪ್ ಹಾಕಿ.

ಬಟನ್ ಎಲ್ಲಿ ಕೂರಿಸಬೇಕು? ಬಳಸದ ಡಿವಿಡಿ ಡ್ರೈವಿನ ಜಾಗ ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಪಕ್ಕದ ಗೋಡೆಯಲ್ಲಿ ತೂತು. ತೂತು ಕೊರೆಯುವಾಗ ಬ್ಯಾಟರಿಯೂ ಬೋರ್ಡೂ ಹೊರಗಿರಲಿ, ಪ್ಲಾಸ್ಟಿಕ್ ಪುಡಿ ಒಳಗೆ ಉಳಿಯದಿರಲಿ. ಬಟನ್ನಿನ ತಲೆ ಗೋಡೆಗಿಂತ ಒಳಗಿರಬೇಕು. ಹೊರಗೆ ಚಾಚಿದ್ದರೆ ಮೂಡಿಗೆರೆ ಬಸ್ಸಿನ ನೂಕುನುಗ್ಗಲಿನಲ್ಲಿ ಬ್ಯಾಗಿನೊಳಗೇ ಆನ್ ಆಗಿ, ಇಳಿಯುವ ಹೊತ್ತಿಗೆ ಲ್ಯಾಪ್‌ಟಾಪ್ ಕಾದು ಕೂತಿರುತ್ತದೆ. ಚಂದ ಕಾಣುವುದಿಲ್ಲ ನಿಜ. ಆದರೆ ಬಿಲ್ಲಿಂಗಿಗೆ, ತೋಟದ ಲೆಕ್ಕಕ್ಕೆ ಅಂತ ಇಟ್ಟುಕೊಂಡ ಹಳೇ ಲ್ಯಾಪ್‌ಟಾಪಿಗೆ ಚಂದ ಯಾಕೆ?

ಮುಚ್ಚುವ ಮುಂಚೆ

ಎಲ್ಲ ಕೇಬಲ್ ಸೇರಿಸಿ, ಕೊನೆಯಲ್ಲಿ ಬ್ಯಾಟರಿ ಸೇರಿಸಿ. ಸ್ಕ್ರೂ ಹಾಕುವ ಮೊದಲೇ ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಅಡಿಯ ಮುಚ್ಚಳ ಕೂರಿಸಿ ಇನ್ನೊಮ್ಮೆ ನೋಡಿ, ಬಟನ್ ಒತ್ತಿಕೊಂಡಿದ್ದರೆ ಆಗ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಆನ್ ಆಗಿದೆ, ಆದರೆ ಮುಚ್ಚಳ ತೆರೆದಿದ್ದರೂ ಸ್ಕ್ರೀನ್ ಆರುತ್ತಿದೆ ಅಥವಾ ತಾನಾಗೇ ಸ್ಲೀಪಿಗೆ ಹೋಗುತ್ತಿದೆ ಅಂದರೆ ಗಾಬರಿ ಬೇಡ. ಮುಚ್ಚಳದ ಸೆನ್ಸರ್ ಅದೇ ಬಟನ್ ಬೋರ್ಡಿನಲ್ಲಿದ್ದರೆ, ರಿಬ್ಬನ್ ಸರಿಯಾಗಿ ಕೂರದೆ ಹೀಗಾಗುತ್ತದೆ. ರೆಕ್ಕೆ ಎತ್ತಿ ಕೇಬಲ್ಲನ್ನು ಇನ್ನೊಮ್ಮೆ ಕೂರಿಸಿ. ಟೇಬಲ್ ಮೇಲೆ ಅಯಸ್ಕಾಂತ ಇರುವ ಸ್ಕ್ರೂಡ್ರೈವರ್ ಲ್ಯಾಪ್‌ಟಾಪಿಗೆ ತಾಗಿಕೊಂಡು ಬಿದ್ದಿದ್ದರೂ ಸೆನ್ಸರಿಗೆ ಮುಚ್ಚಳ ಹಾಕಿದಂತೆಯೇ ಅನಿಸುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ನೋಡಿ, ಆಮೇಲೆ ಬಿಚ್ಚಿ.